ಹತ್ತಡಿ ಪಡಸಾಲೆಗೆ ಯಾವ ಲೆನ್ಸ್?

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಂಥ ಊರಿನಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬೀಗರು, ಬಳಗ ಎಲ್ಲ ಹತ್ತಡಿಯ ಪಡಸಾಲೆಯಲ್ಲೇ ಫೋಟೊಕ್ಕೆ ನಿಲ್ಲಬೇಕಾಗುತ್ತದೆ. ಭಾವಚಿತ್ರಕ್ಕೆ ಹೆಸರಾದ 50 ಎಂಎಂ ಲೆನ್ಸ್ ಇಲ್ಲಿ ಕೈಕೊಡುತ್ತದೆ. ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾದಲ್ಲಿ ಅದರ ನೋಟ 75–80 ಎಂಎಂ ಲೆನ್ಸಿನಷ್ಟು ಕಿರಿದು. ಹತ್ತಡಿ ದೂರದಿಂದ ಹಿಡಿಯುವುದು ಸುಮಾರು ನಾಲ್ಕೂವರೆ ಅಡಿ ಅಗಲ. ಅಜ್ಜಿ, ಬಾಣಂತಿ, ಕೂಸು, ಅಲ್ಲಿಗೆ ಚೌಕಟ್ಟು ತುಂಬಿತು. 24 ಎಂಎಂ ಹಾಕಿದರೆ ಅದೇ ಜಾಗದಿಂದ ಒಂಬತ್ತು ಅಡಿಗೂ ಹೆಚ್ಚು ಸಿಗುತ್ತದೆ. ಹಾಗೆಂದು 18ಕ್ಕೆ ಇಳಿಸಿ ಇನ್ನೂ ಹತ್ತಿರ ಹೋದರೆ ಅಂಚಿಗೆ ನಿಂತವರ ಮುಖ, ತೋಳು ಜಗ್ಗಿದಂತೆ ಅಗಲವಾಗುತ್ತವೆ. ಹೊಸ ಸೊಸೆ ಸಂಕೋಚದಿಂದ ನಿಲ್ಲುವುದೂ ಆ ಅಂಚಿನಲ್ಲೇ. ಆಕೆಯನ್ನು ಕರೆದು ನಡುವೆ ನಿಲ್ಲಿಸುವುದು ಫೋಟೊಗ್ರಾಫರನ ಕೆಲಸ. 24ರ ಇನ್ನೊಂದು ದೊಡ್ಡ ಅನುಕೂಲ, ಎಫ್/2.8ರಲ್ಲೇ ಎರಡು ಸಾಲಿನ ಮುಖಗಳೂ ಸ್ಪಷ್ಟವಾಗಿ ಮೂಡುತ್ತವೆ. ಬಾಗಿಲ ಬೆಳಕು ಚೆನ್ನಾಗಿದ್ದರೆ ಎಳೆಗೂಸಿನ ಕಣ್ಣಿಗೆ ಫ್ಲ್ಯಾಶ್ ಹೊಡೆಯಬೇಕಿಲ್ಲ. ಹೊಸ ಲೆನ್ಸಿಗೆ ದುಡ್ಡು ಸುರಿಯುವ ಮೊದಲು, ಕ್ಯಾಮೆರಾ ಜೊತೆಗೇ ಬಂದ 18–55 ಜೂಮನ್ನು 24ಕ್ಕೆ ನಿಲ್ಲಿಸಿ, ಐಎಸ್‌ಒ ತುಸು ಏರಿಸಿ, ಎದುರು ಗೋಡೆಗೆ ಬೆನ್ನು ಹಚ್ಚಿ ತೆಗೆದು ನೋಡಬೇಕು. ಎಷ್ಟೋ ಮನೆಗಳಿಗೆ ಅಷ್ಟೇ ಸಾಕಾಗುತ್ತದೆ.