ಚಪ್ಪಲಿ ಕಚ್ಚುವ ಮರಿ, ಗಾಯ ಮುಚ್ಚಿಡುವ ಮಗು

ಮನೆಗೆ ನಾಯಿಮರಿ ಬಂದ ಮೊದಲ ವಾರ ಎಲ್ಲರಿಗೂ ಹಬ್ಬ. ಎರಡನೆಯ ವಾರದಿಂದ ದೂರುಗಳು ಶುರು. ಅಪ್ಪನ ಚಪ್ಪಲಿಯ ಬಾರು ಹೋಯಿತು, ಸೋಫಾದ ಮೂಲೆಯಿಂದ ಸ್ಪಂಜು ಹೊರಬಂತು, ಅಜ್ಜಿಯ ಕನ್ನಡಕದ ಕಡ್ಡಿಯ ಮೇಲೆ ಹಲ್ಲಿನ ಗುರುತು, ಮೊಬೈಲ್ ಚಾರ್ಜರಿನ ವೈರು ಎರಡು ತುಂಡು. ಮೂರನೆಯ ವಾರಕ್ಕೆ ಮನೆಯ ಯಜಮಾನರ ತಾಳ್ಮೆ ಮುಗಿದು, ಕೈಗೆ ಸಿಕ್ಕಿದ್ದರಲ್ಲಿ ಮರಿಗೆ ನಾಲ್ಕು ಬೀಳುತ್ತದೆ.

ಇದು ಪಶುವೈದ್ಯರ ವಿಷಯವಲ್ಲವೇ, ಆರೋಗ್ಯ ಅಂಕಣದಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ನಾನು ಪಶುವೈದ್ಯನಲ್ಲ, ಮನುಷ್ಯರಿಗೆ ಔಷಧಿ ಬರೆಯುವ ಸಾಮಾನ್ಯ ವೈದ್ಯ. ಆದರೆ ಮರಿಯ ಈ ಕಚ್ಚಾಟವನ್ನು ಮನೆಯವರು ಹೇಗೆ ನಿಭಾಯಿಸುತ್ತಾರೆ ಎಂಬುದು ಆ ಮನೆಯ ಮಕ್ಕಳ ಜೀವಕ್ಕೆ ಸಂಬಂಧಿಸಿದ ಸಂಗತಿ ಎಂದು ನಾನು ನಂಬಿದ್ದೇನೆ. ಯಾಕೆಂದು ಹೇಳುತ್ತೇನೆ.

ಮೊದಲು ಮರಿಯ ಬಾಯಿಯೊಳಗೆ ಒಮ್ಮೆ ನೋಡಿ. ಹುಟ್ಟಿದ ಮೂರನೆಯ ವಾರದಿಂದ ಹಾಲುಹಲ್ಲು ಮೂಡತೊಡಗುತ್ತವೆ. ಎರಡು ತಿಂಗಳು ತುಂಬುವ ಹೊತ್ತಿಗೆ 28 ಹಲ್ಲುಗಳೂ ಬಂದಿರುತ್ತವೆ, ಒಂದೊಂದೂ ಸೂಜಿಯ ಮೊನೆಯಂತೆ. ನಾಲ್ಕನೆಯ ತಿಂಗಳ ಆಸುಪಾಸಿನಲ್ಲಿ ಇವು ಉದುರಲು ಆರಂಭಿಸಿ, ಏಳನೆಯ ತಿಂಗಳ ಹೊತ್ತಿಗೆ ಆ ಜಾಗದಲ್ಲಿ 42 ಶಾಶ್ವತ ಹಲ್ಲುಗಳು ಬರುತ್ತವೆ. ನಮ್ಮ ಮಕ್ಕಳಿಗೆ ಏಳೆಂಟು ವರ್ಷ ಹಿಡಿಯುವ ಕೆಲಸವನ್ನು ಮರಿ ಮೂರು ತಿಂಗಳಲ್ಲಿ ಮುಗಿಸುತ್ತದೆ. ಒಸಡು ತುರಿಸುತ್ತದೆ, ನೋಯುತ್ತದೆ. ಗಟ್ಟಿಯಾದ ಏನನ್ನಾದರೂ ಕಡಿದರೆ ಹಿತವೆನಿಸುತ್ತದೆ. ಹಲ್ಲು ಬರುವ ಕೂಸು ಅಮ್ಮನ ಬೆರಳು ಕಚ್ಚಿದರೆ ನಾವು ಅದನ್ನು ಹೊಡೆಯುತ್ತೇವೆಯೇ? ಇದಲ್ಲದೆ ಮರಿಗೆ ಕೈಗಳಿಲ್ಲ. ಒಂದು ವಸ್ತು ಮೆತ್ತಗಿದೆಯೋ ಗಟ್ಟಿಯಿದೆಯೋ, ತಿನ್ನುವಂಥದೋ ಅಲ್ಲವೋ ಎಂದು ತಿಳಿಯಲು ಅದಕ್ಕಿರುವುದು ಬಾಯಿ ಮಾತ್ರ.

ಹೀಗಿರುವಾಗ ಹೊಡೆತದಿಂದ ಏನಾಗುತ್ತದೆ? ನೀವು ಸಂಜೆ ಆಫೀಸಿನಿಂದ ಬಂದು ಹರಿದ ಚಪ್ಪಲಿ ನೋಡಿ ಹೊಡೆದರೆ, ಮಧ್ಯಾಹ್ನದ ಅಪರಾಧಕ್ಕೆ ಈ ಶಿಕ್ಷೆ ಎಂದು ಮರಿಗೆ ತಿಳಿಯುವುದಿಲ್ಲ. 'ಈ ಮನುಷ್ಯ ಬಾಗಿಲು ತೆಗೆದು ಬಂದರೆ ಏಟು' ಎಂದಷ್ಟೇ ಅದು ಕಲಿಯುತ್ತದೆ. ತಲೆ ತಗ್ಗಿಸಿ ಬಾಲ ಮುದುರಿಕೊಳ್ಳುವುದನ್ನು ನೋಡಿ 'ತಪ್ಪು ಗೊತ್ತಾಗಿದೆ' ಎನ್ನುತ್ತೇವೆ. ಅದು ಪಶ್ಚಾತ್ತಾಪವಲ್ಲ, ಹೆದರಿಕೆ. ಹೆದರಿದ ನಾಯಿ ಮುಂದೊಂದು ದಿನ ನಿಜವಾಗಿಯೇ ಕಚ್ಚುತ್ತದೆ. ಕೆಲವರು ಮೇಜಿನ ಕಾಲಿಗೆ ಖಾರದಪುಡಿ ಹಚ್ಚುತ್ತಾರೆ. ಅದು ಮರಿಯ ಕಣ್ಣಿಗೂ ಮೂಗಿಗೂ ಹೋಗುತ್ತದೆ, ಅಂಬೆಗಾಲಿಡುವ ಕೂಸಿನ ಕೈಗೂ ಅಂಟುತ್ತದೆ. ಬಾಯಿಗೆ ಬಟ್ಟೆ ಕಟ್ಟುವವರೂ ಇದ್ದಾರೆ. ನಾಯಿಗೆ ಬೆವರಿಳಿಸಿ ಮೈ ತಣಿಸಿಕೊಳ್ಳುವ ಅನುಕೂಲ ಹೆಚ್ಚಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಅದು ತಣ್ಣಗಾಗಬೇಕು. ಬೇಸಿಗೆಯಲ್ಲಿ ಬಾಯಿ ಬಿಗಿದರೆ ಪ್ರಾಣಕ್ಕೇ ಅಪಾಯ. ಇನ್ನು ಈ ಪತ್ರಿಕೆಯನ್ನೇ ಸುರುಳಿ ಸುತ್ತಿ ಬಾರಿಸುವ ಪದ್ಧತಿಯೂ ಇದೆ. ಪತ್ರಿಕೆಗೆ ಬೇರೆ ಉಪಯೋಗವಿದೆ ಎಂದಷ್ಟೇ ಹೇಳಬಲ್ಲೆ.

ಈಗ ನನ್ನ ಕಸುಬಿಗೆ ಸಂಬಂಧಿಸಿದ ಮಾತು. ಕೆಲವು ತಿಂಗಳ ಹಿಂದೆ ಎಂಟು ವರ್ಷದ ಹುಡುಗನೊಬ್ಬನನ್ನು ಗಂಟಲು ನೋವೆಂದು ಕ್ಲಿನಿಕ್ಕಿಗೆ ಕರೆತಂದಿದ್ದರು. ನಾಡಿ ನೋಡಲು ಕೈ ಹಿಡಿದಾಗ ತುಂಬುತೋಳಿನ ಅಂಗಿ ಮೇಲೆ ಸರಿಯಿತು. ಮುಂಗೈಯ ಮೇಲೆ ಸಾಲಾಗಿ ಗೀರುಗಳು, ಎರಡು ಕಡೆ ರಕ್ತ ಒಣಗಿದ ಚುಕ್ಕೆ. 'ಏನಪ್ಪಾ ಇದು?' ಎಂದೆ. 'ಬೇಲಿ ತಂತಿ' ಎಂದು ಅಪ್ಪನ ಮುಖ ನೋಡಿದ. ತಂದೆಯನ್ನು ಸ್ವಲ್ಪ ಹೊರಗೆ ಕೂರಲು ಹೇಳಿದ ಮೇಲೆ ಬಾಯಿ ಬಿಟ್ಟ: 'ಟಾಮಿ ಆಟ ಆಡ್ತಾ ಕಚ್ತು. ಹೇಳಿದ್ರೆ ಅಪ್ಪ ಅದನ್ನ ಬಿಟ್ಟು ಬಂದುಬಿಡ್ತಾರೆ ಅಂಕಲ್.' ಹಿಂದಿನ ವಾರ ಹೊಸ ಬೂಟು ಹರಿದದ್ದಕ್ಕೆ ಮರಿಗೆ ಬೆಲ್ಟಿನ ಏಟು ಬಿದ್ದಿತ್ತಂತೆ. ಇನ್ನೊಂದು ಸಲ ಏನಾದರೂ ಕಚ್ಚಿದರೆ ಮಾರ್ಕೆಟ್ಟಿನ ಹತ್ತಿರ ಬಿಟ್ಟು ಬರುತ್ತೇನೆ ಎಂದು ಅಪ್ಪ ಗದರಿದ್ದರಂತೆ. ಹುಡುಗ ಮರಿಯನ್ನು ಉಳಿಸಿಕೊಳ್ಳಲು ನಾಲ್ಕು ದಿನ ತೋಳು ಮುಚ್ಚಿಕೊಂಡು ತಿರುಗಿದ್ದ. ಅಂದೇ ಚುಚ್ಚುಮದ್ದು ಆರಂಭವಾಯಿತು. ಹುಡುಗನೂ ಮರಿಯೂ ಈಗ ಚೆನ್ನಾಗಿದ್ದಾರೆ. ಆದರೆ ಅಂಗಿಯ ತೋಳು ಸರಿಯದೇ ಇದ್ದಿದ್ದರೆ ಆ ಗಾಯ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಗೀರು ಸಣ್ಣದು, ಮರಿಯೂ ಸಣ್ಣದು, ಮನೆಯಲ್ಲೇ ಬೆಳೆದದ್ದು, ಅದರಿಂದೇನಾಗುತ್ತದೆ ಎಂದು ತಾಯ್ತಂದೆಯರು ವಾದಿಸುತ್ತಾರೆ. ದಯವಿಟ್ಟು ಒಂದು ಲೆಕ್ಕ ಗಮನಿಸಿ. ಮರಿಗೆ ರೇಬೀಸ್ ಲಸಿಕೆ ಹಾಕುವುದು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದ ಮೇಲೆ. ಲಸಿಕೆಯ ಶಕ್ತಿ ಮೈಗೂಡಲು ಮತ್ತೆ ಕೆಲವು ವಾರ ಬೇಕು. ಅಂದರೆ ಹಲ್ಲು ಸೂಜಿಯಂತೆ ಚೂಪಾಗಿರುವ, ಕಂಡದ್ದಕ್ಕೆಲ್ಲ ಬಾಯಿ ಹಾಕುವ ಅವಧಿಯೇ ರೇಬೀಸ್ ರಕ್ಷಣೆ ಇಲ್ಲದ ಅವಧಿ. 'ಲಸಿಕೆ ಆಗಿದೆ ಡಾಕ್ಟ್ರೇ' ಎಂದು ಪುಸ್ತಕ ತೋರಿಸುವವರಲ್ಲಿ ಅನೇಕರು ತೋರಿಸುವುದು ಆರರಿಂದ ಎಂಟನೆಯ ವಾರದಲ್ಲಿ ಹಾಕುವ ಮೊದಲ ಲಸಿಕೆಯನ್ನು. ಅದು ಪಾರ್ವೊ, ಡಿಸ್ಟೆಂಪರ್ ಮೊದಲಾದ ನಾಯಿರೋಗಗಳಿಗೆ, ರೇಬೀಸಿಗಲ್ಲ. ಇನ್ನು ಮರಿಗೆ ರೇಬೀಸ್ ಎಲ್ಲಿಂದ ಬರಬೇಕು ಎಂದರೆ, ಅದು ನಿಮ್ಮ ಮನೆಗೆ ಬರುವ ಮುಂಚೆ ಎಲ್ಲಿತ್ತು, ಯಾವ ನಾಯಿ ಅದರ ಬಳಿ ಸುಳಿಯಿತು ಎಂಬುದು ನಿಮಗೆ ಗೊತ್ತಿರುವುದಿಲ್ಲ. ರೋಗಾಣು ಹೊಕ್ಕ ಮೇಲೆ ಲಕ್ಷಣ ಕಾಣಲು ನಾಯಿಗಳಲ್ಲಿ ವಾರಗಳಿಂದ ತಿಂಗಳುಗಳವರೆಗೆ ಬೇಕಾಗುತ್ತದೆ. ನಮ್ಮ ದೇಶದಲ್ಲಿ ಎರಡು-ಮೂರು ತಿಂಗಳ ಮರಿಗಳಿಂದಲೂ ಮನುಷ್ಯರಿಗೆ ರೇಬೀಸ್ ತಗಲಿದ್ದಿದೆ. ಮನುಷ್ಯರಲ್ಲಿ ಲಕ್ಷಣ ಕಾಣಿಸಿಕೊಂಡ ಮೇಲೆ ನಮ್ಮಲ್ಲಿ ಮದ್ದಿಲ್ಲ. ಅದಕ್ಕೆ ಮುಂಚೆ ಸರಿಯಾಗಿ ಚಿಕಿತ್ಸೆಯಾದರೆ ರೋಗ ಬರುವುದೇ ಇಲ್ಲವೆನ್ನಬಹುದು.

ಹಾಗೆಂದು ಗಾಬರಿ ಬೇಡ. ಸಿಕ್ಕಿದ್ದನ್ನೆಲ್ಲ ಕಚ್ಚುವುದು ಹುಚ್ಚು ಹಿಡಿದ ಗುರುತೆಂದು ಕೆಲವರು ಹೆದರುತ್ತಾರೆ. ಉಂಡು, ನೀರು ಕುಡಿದು, ಆಡಿ, ನಿದ್ದೆ ಮಾಡುವ ಮರಿ ಚಪ್ಪಲಿ ಕಡಿದರೆ ಅದು ಮರಿತನ. ಸ್ವಭಾವ ಇದ್ದಕ್ಕಿದ್ದಂತೆ ಬದಲಾಗಿ, ಜೊಲ್ಲು ಸುರಿದು, ನುಂಗಲಾಗದೆ, ನಡಿಗೆ ತೊಡರಿದರೆ ಮರಿಯನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ಗಾಯವಿಲ್ಲದ ಚರ್ಮವನ್ನು ಮರಿ ನೆಕ್ಕಿತೆಂದು ಚುಚ್ಚುಮದ್ದಿಗೆ ಓಡಿಬರಬೇಕಾಗಿಲ್ಲ. ಆದರೆ ಹಲ್ಲು ತಾಗಿ ಚರ್ಮ ತರಚಿದ್ದರೆ, ರಕ್ತ ಬರದಿದ್ದರೂ, ಅದು ಕಡಿತವೇ. ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ಮಾಮೂಲಿ ಬಟ್ಟೆ ಸೋಪಾದರೂ ಸರಿ. ಈ ವೈರಸ್ಸಿನ ಹೊರಕವಚ ಕೊಬ್ಬಿನದು, ಸೋಪು ಅದನ್ನು ಕರಗಿಸುತ್ತದೆ. ಸುಣ್ಣ, ಅರಿಶಿನ, ಕಾಫಿಪುಡಿ, ಮೆಣಸಿನಪುಡಿ ಯಾವುದನ್ನೂ ಮೆತ್ತಬೇಡಿ. ಅನಂತರ ಅದೇ ದಿನ ವೈದ್ಯರ ಬಳಿ ಹೋಗಿ.

ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯ ಇನ್ನೂ ಅಜ್ಜ-ಅಜ್ಜಿಯರ ಮನಸ್ಸಿನಿಂದ ಹೋಗಿಲ್ಲ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರಲ್ಲೇ ನಿಂತಿತು. ಈಗಿನದು ತೋಳಿಗೆ ಹಾಕುವಂಥದು. ಸ್ನಾಯುವಿಗೆ ಹಾಕುವುದಾದರೆ ಮೊದಲ ದಿನ, ಆಮೇಲೆ 3, 7, 14 ಮತ್ತು 28ನೆಯ ದಿನ. ಚರ್ಮದೊಳಗೆ ಹಾಕುವ ವಿಧಾನದಲ್ಲಿ 14ನೆಯ ದಿನದ್ದು ಇರುವುದಿಲ್ಲ. ಚಿಕ್ಕ ಮಕ್ಕಳಿಗೆ ತೊಡೆಯ ಪಕ್ಕಕ್ಕೆ ಹಾಕುತ್ತಾರೆ. ಪೃಷ್ಠಕ್ಕೆ ಹಾಕುವಂತಿಲ್ಲ. ರಕ್ತ ಬಂದ ಗಾಯಕ್ಕೆ ಇದರ ಜೊತೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ರಕ್ಷಣೆಯನ್ನು ಗಾಯದ ಸುತ್ತಲೇ ಕೊಡಬೇಕಾಗುತ್ತದೆ. ಅದನ್ನು ಕೇಳಿ ಪಡೆಯಿರಿ. ಮರಿಯನ್ನು ಹತ್ತು ದಿನ ಗಮನಿಸಿ ಆಮೇಲೆ ಚುಚ್ಚುಮದ್ದು ಶುರುಮಾಡೋಣ ಎನ್ನುವುದು ತಪ್ಪು. ಚುಚ್ಚುಮದ್ದು ಮೊದಲು ಶುರುವಾಗಲಿ, ಗಮನಿಸುವುದು ಅದರ ಜೊತೆಗೆ ನಡೆಯಲಿ. ಹತ್ತು ದಿನದ ನಂತರವೂ ಮರಿ ಆರೋಗ್ಯವಾಗಿದ್ದರೆ ಮುಂದಿನ ಡೋಸುಗಳ ವಿಷಯ ವೈದ್ಯರು ಹೇಳುತ್ತಾರೆ. ಚಿಕ್ಕ ಮಕ್ಕಳಿರುವ ಮನೆಗೆ ನಾಯಿ ತರುವವರು ಮುಂಚೆಯೇ ಮಕ್ಕಳಿಗೆ ಮುನ್ನೆಚ್ಚರಿಕೆಯ ಲಸಿಕೆ ಕೊಡಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆಗ ಮುಂದೆ ಕಚ್ಚಿದರೂ ಎರಡು ಡೋಸು ಸಾಕು, ಇಮ್ಯುನೋಗ್ಲಾಬ್ಯುಲಿನ್ ಬೇಕಾಗುವುದಿಲ್ಲ.

ಆದರೆ ಇದೆಲ್ಲ ಮಗು ಬಾಯಿಬಿಟ್ಟು ಹೇಳಿದರೆ ತಾನೇ? ಹೊಡೆಯದೆ ಮರಿಯನ್ನು ತಿದ್ದುವುದು ಮರಿಯ ಮೇಲಿನ ಕರುಣೆಗಾಗಿ ಮಾತ್ರ ಅಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ಚಪ್ಪಲಿ ಕಚ್ಚಿದ್ದಕ್ಕೆ ಬೆಲ್ಟು ಹೊರಬರುವ ಮನೆಯಲ್ಲಿ, ಕೈ ಕಚ್ಚಿದ್ದನ್ನು ಮಗು ಹೇಳುವುದಿಲ್ಲ. 'ಟಾಮಿ ಹಲ್ಲು ತಾಗಿದರೆ ನನಗೆ ಹೇಳು, ಟಾಮಿಗೆ ಏನೂ ಮಾಡುವುದಿಲ್ಲ, ನಿನಗೂ ಬೈಯುವುದಿಲ್ಲ' ಎಂದು ಮರಿ ಮನೆಗೆ ಬಂದ ದಿನವೇ ಹೇಳಿ. ಹೇಳಿದಂತೆ ನಡೆದುಕೊಳ್ಳಿ.

ತಿದ್ದುವುದು ಹೇಗೆ? ನಾಯಿ ಸಾಕಿ ಅನುಭವವುಳ್ಳವರೂ ಪಶುವೈದ್ಯರೂ ಹೇಳುವುದು ಸರಳವಾಗಿದೆ. ಕಡಿಯುವುದನ್ನು ನಿಲ್ಲಿಸಲಾಗದು, ಏನನ್ನು ಕಡಿಯಬೇಕೆಂದು ಕಲಿಸಬಹುದು. ಚಪ್ಪಲಿ ಹಿಡಿದಾಗ ಕಿರುಚಿ ಬೆನ್ನಟ್ಟಿದರೆ ಅದಕ್ಕೆ ಅದೊಂದು ಆಟ. ಅದರ ಬದಲು ಅದಕ್ಕೆಂದೇ ಇಟ್ಟ ವಸ್ತುವನ್ನು ಮುಂದೊಡ್ಡಿ, ಅದನ್ನು ಹಿಡಿದೊಡನೆ ಮೆಚ್ಚಿ ಮಾತಾಡಿಸಿ. ಹಳೆಯ ಕಾಟನ್ ಬಟ್ಟೆಯನ್ನು ಗಂಟು ಹಾಕಿ, ನೀರಲ್ಲಿ ನೆನೆಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ನಿಮ್ಮ ಎದುರಿಗೇ ಕೊಟ್ಟರೆ ಒಸಡಿಗೆ ಹಾಯೆನಿಸುತ್ತದೆ. ಬಟ್ಟೆ ಎಳೆ ಬಿಡುವಾಗ ಕಿತ್ತುಕೊಂಡುಬಿಡಿ. ತಣ್ಣನೆಯ ಗಜ್ಜರಿಯೂ ಆಗುತ್ತದೆ. ಗಟ್ಟಿ ರಬ್ಬರಿನ ಆಟಿಕೆ ಅಂಗಡಿಯಲ್ಲಿ ಸಿಗುತ್ತದೆ, ಬಾಯಲ್ಲಿ ಪೂರ್ತಿ ಹಿಡಿಸುವಷ್ಟು ಚಿಕ್ಕದು ಬೇಡ. ಹಳೆಯ ಚಪ್ಪಲಿಯನ್ನು ಮಾತ್ರ ಕೊಡಬೇಡಿ. ಹಳೆಯದು ತನ್ನದು, ಹೊಸದು ಯಜಮಾನರದು ಎಂಬ ಭೇದ ಮರಿಗೆ ತಿಳಿಯದು. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ. ಮಾವಿನ ಓಟೆ, ಮುಸುಕಿನ ಜೋಳದ ದಿಂಡು, ಕಾಲುಚೀಲ ಕರುಳಿನಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತವೆ.

ಆಟದಲ್ಲಿ ಕೈಗೆ ಬಾಯಿ ಹಾಕಿದರೆ ಕೈ ಎಳೆಯಬೇಡಿ, ಕೂಗಾಡಬೇಡಿ; ಆಟ ನಿಲ್ಲಿಸಿ ಎದ್ದು ಹೋಗಿ. ಅರ್ಧ ನಿಮಿಷ ಬಿಟ್ಟು ಬನ್ನಿ. ಹಲ್ಲು ತಾಗಿದರೆ ಆಟ ಮುಗಿಯಿತು ಎಂಬ ಪಾಠ ಕೆಲವು ವಾರಗಳಲ್ಲಿ ತಲೆಗೆ ಹತ್ತುತ್ತದೆ. ಮನೆಯ ಎಲ್ಲರೂ ಹಾಗೆಯೇ ಮಾಡಬೇಕು, ಚಿಕ್ಕಪ್ಪ ಬಂದು ಬೆರಳು ಕೊಟ್ಟು ಕೆಣಕಿದರೆ ಎಲ್ಲ ನೀರುಪಾಲು. ಎಳೆಯ ಮರಿ ದಿನಕ್ಕೆ 18 ಗಂಟೆಯಾದರೂ ಮಲಗಬೇಕು. ನಿದ್ದೆಗೆಟ್ಟ ಮರಿ ಹೆಚ್ಚು ಕಚ್ಚುತ್ತದೆ, ನಿದ್ದೆಗೆಟ್ಟ ಕೂಸು ಹೆಚ್ಚು ಅಳುವಂತೆ. ಐದು ವರ್ಷದೊಳಗಿನ ಮಕ್ಕಳನ್ನು ಮರಿಯೊಂದಿಗೆ ಒಂಟಿಯಾಗಿ ಬಿಡಬೇಡಿ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಮರಿಯನ್ನು ಹತ್ತು ಗಂಟೆ ಬಾಲ್ಕನಿಯಲ್ಲಿ ಕಟ್ಟುವವರು, ಅದು ಕಡಿದದ್ದಕ್ಕೆ ದೂರು ಹೇಳುವ ಮುನ್ನ ತಾವೇ ಆ ಬಾಲ್ಕನಿಯಲ್ಲಿ ಒಂದು ಭಾನುವಾರ ಕುಳಿತು ನೋಡಬಹುದು.

ಮರಿ ಬಂದ ಮನೆಯಲ್ಲಿ ನೆಲದಿಂದ ಎರಡು ಅಡಿ ಎತ್ತರದವರೆಗೆ ಏನೇನಿದೆ ಎಂದು ಒಮ್ಮೆ ಕೂತು ನೋಡಿ. ಸೊಳ್ಳೆ ಯಂತ್ರದ ವೈರು, ಇಲಿ ಪಾಷಾಣ, ನುಸಿಗುಳಿಗೆ, ರಿಮೋಟಿನ ಸೆಲ್ಲು. ನನಗೆ ಹೆಚ್ಚು ಚಿಂತೆ ನಾವು ವೈದ್ಯರು ಬರೆದುಕೊಟ್ಟದ್ದರದು. ಅಜ್ಜನ ದಿಂಬಿನ ಪಕ್ಕದ ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ, ಮಂಡಿನೋವಿನ ಗುಳಿಗೆಯ ಸ್ಟ್ರಿಪ್ಪು ಮರಿಗೆ ಗಿಲಕಿ ಇದ್ದಂತೆ. ನೋವಿನ ಮಾತ್ರೆಗಳಿಂದ ನಾಯಿಗೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಕೆಡಬಹುದು. ಮರಿಗೆ ಎಟುಕುವ ಎತ್ತರ ಮನೆಯ ಕೂಸಿಗೂ ಎಟುಕುವ ಎತ್ತರವೇ. ಔಷಧಿ ಡಬ್ಬ ಬೀರುವಿಗೆ ಹೋಗಲಿ.

ಇನ್ನೊಂದು ಮಾತು, ಇನ್ನೂ ಮರಿ ತರದವರಿಗೆ. ಒಂದು ತಿಂಗಳ ಮರಿ ಮುದ್ದಾಗಿರುತ್ತದೆಂದು ತರಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿಯಿಂದ, ಒಡಹುಟ್ಟಿದವರಿಂದ. ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್‌ಗುಟ್ಟಿ ಆಟ ಬಿಡುತ್ತದೆ. ಈ ಶಾಲೆ ಮುಗಿಯದೆ ಬಂದ ಮರಿಗೆ ನಿಮ್ಮ ಮಗುವಿನ ಕೈಯೇ ಮೊದಲ ಪಾಠ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಕೇಂದ್ರ ಸರ್ಕಾರದ 2017ರ ನಿಯಮವೂ ಇದೆ. ಮಾರುವವರು ವಯಸ್ಸು ಹೆಚ್ಚಿಸಿ ಹೇಳುವುದುಂಟು. ಬಾಯಿ ತೆರೆಸಿ ನೋಡಿ, ಹಾಲುಹಲ್ಲು ಇನ್ನೂ ಪೂರ್ತಿ ಬಂದಿರದಿದ್ದರೆ ತಾಯಿಯ ಬಳಿಯೇ ಬಿಟ್ಟು ಬನ್ನಿ. ತಂದ ಮೇಲೆ ಮೊದಲ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ, ಜಂತಿನ ಔಷಧಿ ಕೊಡಿಸಿ, ರೇಬೀಸ್ ಲಸಿಕೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಏಳೆಂಟು ತಿಂಗಳು ಕಳೆದು ಹಲ್ಲುಗಳೆಲ್ಲ ಬಂದ ಮೇಲೂ ಕಡಿತ ತಗ್ಗದಿದ್ದರೆ, ಅಥವಾ ಹಾಲುಹಲ್ಲು ಉದುರದೆ ಅದರ ಪಕ್ಕದಲ್ಲೇ ಹೊಸದು ಬಂದಿದ್ದರೆ, ಮತ್ತೊಮ್ಮೆ ಅವರ ಬಳಿ ಕರೆದೊಯ್ಯಿರಿ. ಉಳಿದ ಹಾಲುಹಲ್ಲನ್ನು ಕೀಳಬೇಕಾಗಬಹುದು.