ರೈತರ ದಾಖಲೆಗಳಿಗೆ ರಹದಾರಿಯ ವ್ಯವಸ್ಥೆ

ಕುಳಗಿಯಂಥ ಅಡವಿಯ ನೆರೆಯ ಗ್ರಾಮಗಳಲ್ಲಿ ತನ್ನ ಮಾಲ್ಕಿ ಜಮೀನಿನ ಸಾಗುವಾನಿಯನ್ನು ಕಡಿದು ಸಾಗಿಸಲಿಚ್ಛಿಸುವ ಭೂಮಾಲಿಕನು ಮೊದಲು ಅರಣ್ಯ ಖಾತೆಯಿಂದ ರಹದಾರಿಯನ್ನು ಪಡೆಯತಕ್ಕದ್ದೆಂಬುದು ಗ್ರಾಮಪ್ರಮುಖರಿಗೆಲ್ಲ ತಿಳಿದ ಸಂಗತಿಯೇ ಆಗಿರುವದು. ಅದರಲ್ಲಿ ಮರದ ಜಾತಿ, ಅಳತೆ, ಹೊರಡುವ ಸ್ಥಳ, ಮುಟ್ಟುವ ಸ್ಥಳ, ಅವಧಿ ಇವೆಲ್ಲವೂ ನಮೂದಾಗಿರುವವು. ನಾಕೆಯ ಕಾವಲುಗಾರನು ಮಾಲಿಕನ ಮನೆಯ ಕೀಲಿಕೈಯನ್ನು ಕೇಳುವದಿಲ್ಲ. ಮುದ್ರೆಯು ಸರಿಯಾಗಿದೆಯೇ, ಅವಧಿಯು ಉಳಿದಿದೆಯೇ, ಕಾಗದದಲ್ಲಿದ್ದುದೇ ಗಾಡಿಯಲ್ಲಿದೆಯೇ ಎಂಬಿಷ್ಟನ್ನೇ ನೋಡುವನು. ರಹದಾರಿಯನ್ನು ಕೊಡುವವರು ಬೇರೆ, ಪರೀಕ್ಷಿಸುವವರು ಬೇರೆ. ಈ ಹಳೆಯ ಕ್ರಮವೇ ಇಂದು ರೈತರ ಗಣಕ ದಾಖಲೆಗಳಿಗೂ ಅತ್ಯವಶ್ಯವಾಗಿದೆ.

ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಿಂದ ಉತಾರಗಳು ಗಣಕಯಂತ್ರಕ್ಕೇರಿ ಎರಡು ದಶಕಗಳು ಮೀರಿದವು. ‘ಫ್ರೂಟ್ಸ್’ ಎಂಬ ವ್ಯವಸ್ಥೆಯಲ್ಲಿ ರೈತನಿಗೆ ಎಫ್.ಐ.ಡಿ. ಎಂಬ ಒಂದೇ ಸಂಖ್ಯೆಯು ದೊರೆತು, ಅವನ ಜಮೀನು, ಆಧಾರ್, ಬ್ಯಾಂಕಿನ ಖಾತೆ ಇವು ಒಂದೆಡೆಗೆ ಕೂಡಿರುವವು. ಇದರಿಂದ ಅನುಕೂಲವು ಬಹಳ. ಆದರೆ ಸಂಖ್ಯೆಯು ರೈತನು ಯಾರೆಂಬುದನ್ನು ಮಾತ್ರ ಹೇಳುವದು. ಅವನ ದಾಖಲೆಯನ್ನು ಯಾರು, ಎಷ್ಟು, ಎಲ್ಲಿಯವರೆಗೆ ನೋಡಬಹುದೆಂಬುದನ್ನು ಹೇಳಲಾರದು. ಬೀಜದ ಸಹಾಯಧನಕ್ಕೆ ಅರ್ಜಿ ಹಾಕುವಾಗ ಗುಪ್ತಪದವನ್ನೂ ಮೊಬೈಲಿಗೆ ಬಂದ ಓ.ಟಿ.ಪಿ.ಯನ್ನೂ ಪರರಿಗೆ ಓದಿ ಹೇಳುವ ರೈತನು, ಒಂದು ಚೀಲ ಬೀಜಕ್ಕಾಗಿ ಸರ್ವಾಧಿಕಾರದ ಮುಖ್ತ್ಯಾರಪತ್ರವನ್ನೇ ಬರೆದುಕೊಟ್ಟಂತಾಗುವದು.

ಈ ದೋಷದ ಪರಿಹಾರಕ್ಕಾಗಿಯೇ ‘ಓಆಥ್ 2.0’ ಎಂಬ ನಿಯಮಾವಳಿಯು 2012ರಲ್ಲಿ ಪ್ರಕಟವಾಯಿತು. ಭಾರತ ಸರಕಾರದ ಡಿಜಿಲಾಕರ್ ಕೂಡ ಇದೇ ಕ್ರಮವನ್ನು ಅನುಸರಿಸಿದೆ. ಇದರಲ್ಲಿ ರಹದಾರಿ ಕೊಡುವ ಕಚೇರಿಯ ಸ್ಥಾನದಲ್ಲಿ ಆಥರೈಜೇಶನ್ ಸರ್ವರೆಂಬ ಯಂತ್ರವಿರುವದು. ಅರ್ಜಿಯ ಜಾಲತಾಣವು ರೈತನ ಗುಪ್ತಪದವನ್ನು ತಾನು ಕೇಳದೆ ಅವನನ್ನು ಆ ಸರ್ವರಿಗೆ ಕಳಿಸುವದು. ರೈತನು ಅಲ್ಲಿಯೇ ತನ್ನ ಗುರುತನ್ನು ಸಿದ್ಧಪಡಿಸಿ, ಕೇಳಿದ ವಿಷಯಗಳನ್ನು ಓದಿ, ಒಪ್ಪಿಗೆಯನ್ನು ಕೊಡುವನು. ಆಗ ಸರ್ವರು ಒಂದೇ ಸಲ ಉಪಯೋಗಕ್ಕೆ ಬರುವ ಸಂಕೇತವನ್ನು ಕೊಡುವದು; ಜಾಲತಾಣವು ಅದರೊಡನೆ ತನ್ನ ಪ್ರಮಾಣವನ್ನೂ ತೋರಿಸಿ ಟೋಕನ್ ಎಂಬ ರಹದಾರಿಯನ್ನು ಪಡೆಯುವದು. ದಾಖಲೆಗಳ ಭಂಡಾರವು ಟೋಕನಿನ ಮುದ್ರೆ, ಅವಧಿ ಮತ್ತು ಮಿತಿಗಳನ್ನು ಪರೀಕ್ಷಿಸಿ, ಒಪ್ಪಿದಷ್ಟನ್ನೇ ತೋರಿಸುವದು.

ಸರ್ವರನ್ನು ಸ್ಥಾಪಿಸಿದ ಮಾತ್ರಕ್ಕೆ ಕ್ಷೇಮವಾಯಿತೆಂದು ತಿಳಿಯಬಾರದು. ಟೋಕನ್ ಯಾರ ಕೈಯಲ್ಲಿದೆಯೋ ಅವರೇ ಒಳಗೆ ಹೋಗಬಲ್ಲರು. ಆದುದರಿಂದ ಅದರ ಆಯುಷ್ಯವು ಕೆಲವೇ ನಿಮಿಷಗಳದ್ದಾಗಿರಬೇಕು. ಸಂಕೇತವು ಹಿಂದಿರುಗುವ ವಿಳಾಸವನ್ನು ಮೊದಲೇ ನೋಂದಿಸಿ, ಅಕ್ಷರಶಃ ಹೋಲಿಸಿ ನೋಡತಕ್ಕದ್ದು. ಇಲ್ಲವಾದರೆ ಅದು ಕಳ್ಳನ ಮನೆಗೆ ಮುಟ್ಟೀತು. ಮುದ್ರೆಯೊತ್ತುವ ಗುಪ್ತ ಕೀಲಿಯನ್ನು ಭದ್ರವಾಗಿಟ್ಟು ಆಗಾಗ ಬದಲಿಸಬೇಕು. ಜಾಲತಾಣವೇ ರೈತನ ಗುಪ್ತಪದವನ್ನು ಕೇಳಿ ಸರ್ವರಿಗೆ ಒಪ್ಪಿಸುವ ಹಳೆಯ ವಿಧಾನವನ್ನು 2025ರ ಜನವರಿಯಲ್ಲಿ ಪ್ರಕಟವಾದ ಸುರಕ್ಷತಾ ಸೂಚನೆಗಳು ಸಂಪೂರ್ಣವಾಗಿ ನಿಷೇಧಿಸಿವೆ.

ಎಲ್ಲವನ್ನೂ ಒಂದೇ ಸರ್ವರಿಗೆ ಒಪ್ಪಿಸಿದರೆ, ಅದು ಕೆಟ್ಟ ದಿನ ಎಲ್ಲ ಬಾಗಿಲುಗಳೂ ಮುಚ್ಚಲಾರವೇ ಎಂದು ಕೆಲವರು ಆಕ್ಷೇಪಿಸುವರು. ಈ ಆಕ್ಷೇಪವು ನಿರಾಧಾರವಾದುದಲ್ಲ. ಆದರೆ ಮುದ್ರೆಯುಳ್ಳ ಟೋಕನನ್ನು ಪ್ರತಿಸಲವೂ ಕಚೇರಿಯನ್ನು ಕೇಳದೆಯೇ ಪರೀಕ್ಷಿಸಬಹುದಾದ್ದರಿಂದ, ಮೊದಲೇ ರಹದಾರಿ ಪಡೆದವರ ಕೆಲಸವು ಅದರ ಅವಧಿಯವರೆಗೆ ನಡೆಯುವದು. ಇದಕ್ಕೆ ಪ್ರತಿಯಾಗಿ, ರದ್ದುಪಡಿಸಿದ ಟೋಕನ್ ಕೂಡ ಅವಧಿ ತೀರುವವರೆಗೆ ನಡೆದೀತೆಂಬ ದೋಷವಿರುವದು. ಅಲ್ಪಾವಧಿಯೇ ಇದಕ್ಕೆ ಮದ್ದು. ಎರಡನೆಯ ಸರ್ವರನ್ನು ಬೇರೆ ಸ್ಥಳದಲ್ಲಿ ಸಿದ್ಧವಾಗಿಡುವ ವೆಚ್ಚವನ್ನು ವ್ಯರ್ಥವೆನ್ನಲಾಗದು. ಇಪ್ಪತ್ತು ಜಾಲತಾಣಗಳಲ್ಲಿ ಇಪ್ಪತ್ತು ಗುಪ್ತಪದಗಳ ರಾಶಿಯನ್ನು ಕಾಯುವದಕ್ಕಿಂತ ಒಂದು ಬಾಗಿಲನ್ನು ಚೆನ್ನಾಗಿ ಕಾಯುವದೇ ಲೇಸು.

ಆದರೆ ಎಂಥ ಸರ್ವರಾದರೂ, ಬಾಯಾರೆ ಹೇಳಿಬಿಟ್ಟ ಓ.ಟಿ.ಪಿ.ಯನ್ನು ಹಿಂದಕ್ಕೆ ತರಲಾರದು. ಇಲ್ಲಿ ಗ್ರಾಮಪ್ರಮುಖರ ಕರ್ತವ್ಯವು ದೊಡ್ಡದು. ಓದಲು ಬಾರದ ರೈತನ ಅರ್ಜಿಯನ್ನು ತುಂಬುವಾಗ, ಪರದೆಯ ಮೇಲೆ ಕೇಳಿದ ಒಪ್ಪಿಗೆಯು ಬೀಜಕ್ಕೋ, ಸಾಲಕ್ಕೋ, ಭೋಜೆಗೋ ಎಂಬುದನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿಸಬೇಕು. ಸಂಕೇತವನ್ನು ಅವನ ಕೈಯಿಂದಲೇ ಒತ್ತಿಸಬೇಕು. ಖಾತೆಗಳವರೂ ಆ ಒಪ್ಪಿಗೆಯ ಮಾತುಗಳನ್ನು ರೈತನಿಗೆ ತಿಳಿಯುವ ಕನ್ನಡದಲ್ಲಿಯೇ ಬರೆಯಿಸತಕ್ಕದ್ದು. ಓದಲಾಗದ ರಹದಾರಿಗೆ ಹಾಕಿದ ಒಪ್ಪಿಗೆಯು ಒಪ್ಪಿಗೆಯೇ ಅಲ್ಲ. ಮರದ ತುಂಡೊಂದಕ್ಕೆ ಇಷ್ಟು ಕಟ್ಟುನಿಟ್ಟಾದ ಕಾವಲನ್ನು ಒಪ್ಪಿದವರು, ಅದೇ ಮರ ಬೆಳೆದ ಭೂಮಿಯ ದಾಖಲೆಗೆ ಅದಕ್ಕಿಂತ ಕಡಿಮೆಯಾದುದನ್ನು ಒಪ್ಪಬಾರದು.