ಡಿಕ್ಕಿಯಲ್ಲೊಂದು ಒದ್ದೆ ಟವಲು

ನನ್ನ ವಯಸ್ಸಿನವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ: "ಆಗಿನ ಅಂಬಾಸಿಡರ್ ಅಂದ್ರೆ ಕಬ್ಬಿಣ ಕಣ್ರೀ, ಈಗಿನವು ಬರೀ ತಗಡು." ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದು ಮುದುಕನಾದವನು ನಾನು. ಜಮಾ ಮಾತ್ರ ಓದಿ ಖರ್ಚು ಬಿಟ್ಟರೆ ಒಪ್ಪುವುದಿಲ್ಲ.

ಮಕ್ಕಳೇ, ಎಲ್ಲಾದರೂ ಹಳೆಯ ಕಾರು ಕಂಡರೆ ಅದು ಎಷ್ಟು ಓಡಿದೆಯೆಂದು ತೋರಿಸುವ ಮೀಟರ್ ನೋಡಿ. ಬಹಳಷ್ಟರಲ್ಲಿ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆ! ಆಗ ಲಕ್ಷ ದಾಟುವುದೇ ದೊಡ್ಡ ಮಾತು. ಈಗ ಲಕ್ಷ ದಾಟಿದ ಕಾರನ್ನು ಯಾರೂ ತಿರುಗಿಯೂ ನೋಡುವುದಿಲ್ಲ.

ಅವು ಕೆಡುತ್ತಿದ್ದುದಕ್ಕೆ ಕಾರಣವಿತ್ತು. ಕಿಡಿ ಹುಟ್ಟಿಸಲು ಒಳಗೆ 'ಪಾಯಿಂಟ್' ಎಂಬ ಪುಟ್ಟ ಲೋಹದ ತುಂಡುಗಳು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅವು 6,000 ಸಲ ತೆರೆದು ಮುಚ್ಚಬೇಕು. ಸವೆಯದೆ ಇರುತ್ತವೆಯೇ? ಈಗ ಆ ಕೆಲಸ ಸೆನ್ಸರ್ ಮತ್ತು ಕಂಪ್ಯೂಟರಿನದು. ಉಜ್ಜಿ ಸವೆಯುವ ಪಾಯಿಂಟೇ ಇಲ್ಲ.

1978ರಲ್ಲಿ ಗೆಳೆಯನೊಬ್ಬನ ಮದುವೆಗೆ ಉಡುಪಿಯಿಂದ ತೀರ್ಥಹಳ್ಳಿಗೆ ಹೊರಟಿದ್ದೆವು. ಮದುಮಗ ನಮ್ಮ ಕಾರಿನಲ್ಲೇ ಇದ್ದ. ಆಗುಂಬೆ ಘಾಟಿ ಅರ್ಧ ಹತ್ತುವಷ್ಟರಲ್ಲಿ ಕಾರು ನಿಂತಿತು. ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಪಂಪು ಬರೀ ಗಾಳಿ ಎಳೆಯುತ್ತಿತ್ತು. ಡ್ರೈವರ್ ಗಾಬರಿಯಾಗಲಿಲ್ಲ. ಡಿಕ್ಕಿಯಿಂದ ಟವಲು ತೆಗೆದು, ಕ್ಯಾನಿನ ನೀರಲ್ಲಿ ಅದ್ದಿ ಪಂಪಿಗೆ ಸುತ್ತಿ ಬೀಡಿ ಹಚ್ಚಿದ. ಇಪ್ಪತ್ತು ನಿಮಿಷಕ್ಕೆ ಕಾರು ಹೊರಟಿತು. ಘಾಟಿ ಮುಗಿಯುವಷ್ಟರಲ್ಲಿ ಇನ್ನೂ ಎರಡು ಸಲ ನಿಂತಿತು. ಮದುಮಗ ಮಾತ್ರ ಮೂರು ಸಲವೂ ಗಡಿಯಾರವನ್ನೇ ನೋಡುತ್ತಿದ್ದ. ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ಛತ್ರ ಮುಟ್ಟಿದೆವು.

ಈಗಿನ ಕಾರಿನಲ್ಲಿ ಟ್ಯಾಂಕಿನೊಳಗಿನ ಪಂಪೇ ಪೆಟ್ರೋಲನ್ನು ಒತ್ತಡದಿಂದ ತಳ್ಳುತ್ತದೆ. ಘಾಟಿಯಲ್ಲಿ ಹಾಗೆ ನಿಲ್ಲುವುದು ಅಪರೂಪ.

ಆದರೆ ನಿಂತರೆ? ಕಳೆದ ವರ್ಷ ಮಗನ ಕಾರು ಹಾಸನದ ಹತ್ತಿರ ನಿಂತಿತು. ಇಲಿ ವೈರ್ ಕಡಿದಿತ್ತಂತೆ. ಅದು ಗೊತ್ತಾದದ್ದೂ ಆಮೇಲೆ. ರಸ್ತೆಬದಿಯ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಸಾರ್, ಇದಕ್ಕೆ ಕಂಪ್ಯೂಟರ್ ಹಾಕಿ ನೋಡ್ಬೇಕು" ಎಂದು ಕೈ ಒರೆಸಿಕೊಂಡ. ಕಾರು ಲಾರಿ ಹತ್ತಿತು, ನಾವು ಬಸ್ಸು ಹತ್ತಿದೆವು. ಅಂಬಾಸಿಡರ್ 2014ರವರೆಗೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಬಂತು. ಅದರ ರಿಪೇರಿ ಬಲ್ಲವನು ಪ್ರತಿ ಊರಿನಲ್ಲೂ ಇದ್ದ.

ಇನ್ನು ತಗಡಿನ ಮಾತು. ಗುದ್ದಿದಾಗ ಹೊಸ ಕಾರಿನ ಮೂತಿ ನಜ್ಜುಗುಜ್ಜಾಗುವುದು ಬೇಕೆಂದೇ ಮಾಡಿದ ಏರ್ಪಾಡು. ಪೆಟ್ಟನ್ನು ಅದು ನುಂಗುತ್ತದೆ, ಒಳಗಿನವರಿಗೆ ಕಡಿಮೆ ತಾಗುತ್ತದೆ. ಮೊಮ್ಮಕ್ಕಳು ಕೂರುವ ಕಾರು ಯಾವುದಿರಲಿ ಎಂದರೆ ನಾನು ಹೊಸದನ್ನೇ ತೋರಿಸುತ್ತೇನೆ, ಬೆಲ್ಟ್ ಹಾಕಿಸಿ.

ನಿಮ್ಮ ಅಜ್ಜನ ಡಿಕ್ಕಿಯಲ್ಲಿ ಏನೇನಿರುತ್ತಿತ್ತು, ಕೇಳಿ ನೋಡಿ. ಫ್ಯಾನ್ ಬೆಲ್ಟ್, ಪ್ಲಗ್ಗು, ನೀರಿನ ಕ್ಯಾನು ಅಂತ ಶುರುಮಾಡಿದರೆ ಊಟದ ಹೊತ್ತಿನವರೆಗೂ ನಿಲ್ಲಿಸಲಾರರು.